ಎಡ್ಗರ್ ಕಾಡ್: ದತ್ತಾಂಶವನ್ನು ಕೋಷ್ಟಕಕ್ಕೆ ತಂದ ಗಣಿತಜ್ಞ

ಕೊಳ್ಳೇಗಾಲ, ಹನೂರು, ಯಳಂದೂರು, ಯಾವ ತಾಲ್ಲೂಕು ಕಚೇರಿಗೆ ಹೋದರೂ ಸರ್ವೆ ನಂಬರ್ ಹೇಳಿದರೆ ಪಹಣಿ ಮುದ್ರಿತವಾಗಿ ಕೈಗೆ ಬರುತ್ತದೆ. ಭೂಮಿ ಯೋಜನೆಗಿಂತ ಮೊದಲು ಗ್ರಾಮಲೆಕ್ಕಿಗರು ಅದನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. ಲಕ್ಷಾಂತರ ದಾಖಲೆಗಳ ನಡುವೆ ಬೇಕಾದ ಒಂದು ಸಾಲನ್ನು ಕಂಪ್ಯೂಟರ್ ಹುಡುಕಿ ಕೊಡುವ ಇಂಥ ವ್ಯವಸ್ಥೆಗಳಿಗೆ ತಳಹದಿ ಹಾಕಿದವರು ಎಡ್ಗರ್ ಫ್ರಾಂಕ್ ಕಾಡ್.

ಕಾಡ್ 1923ರ ಆಗಸ್ಟ್ 19ರಂದು ಇಂಗ್ಲೆಂಡಿನ ಪೋರ್ಟ್‌ಲೆಂಡ್ ದ್ವೀಪದಲ್ಲಿ ಜನಿಸಿದರು. ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿ ಸೇವೆ ಸಲ್ಲಿಸಿ, ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದರು. ನಂತರ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆ ಸೇರಿದರು. ಸೆನೆಟರ್ ಮೆಕಾರ್ಥಿಯ ಕಿರುಕುಳದ ರಾಜಕೀಯ ಸಹಿಸದೆ 1953ರಲ್ಲಿ ಕೆನಡಾಕ್ಕೆ ಹೊರಟುಹೋದರು. ಕೆಲವು ವರ್ಷಗಳ ನಂತರ ಮರಳಿ, 1965ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಆಗ ಒಂದು ಮಾಹಿತಿ ಬೇಕಾದರೆ ಅದು ಎಲ್ಲಿದೆ, ಯಾವ ದಾರಿಯಲ್ಲಿ ತಲುಪಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತಿಳಿಸಬೇಕಿತ್ತು. 1970ರಲ್ಲಿ ಕಾಡ್ ಹೊಸ ವಿಚಾರ ಮಂಡಿಸಿದರು. ದತ್ತಾಂಶವೆಲ್ಲ ಸರಳ ಕೋಷ್ಟಕಗಳಲ್ಲಿರಲಿ, ನಾವು ಏನು ಬೇಕೆಂದು ಮಾತ್ರ ಹೇಳೋಣ, ದಾರಿಯನ್ನು ಯಂತ್ರವೇ ಹುಡುಕಿಕೊಳ್ಳಲಿ ಎಂಬುದು ಅದರ ಸಾರ. ಹಳೆಯ ಪದ್ಧತಿಯಿಂದ ಒಳ್ಳೆಯ ಆದಾಯವಿದ್ದ ಅವರ ಸಂಸ್ಥೆಯೇ ಇದನ್ನು ಒಪ್ಪಿಕೊಳ್ಳಲು ತಡಮಾಡಿತು. ಕಾಡ್ ಪಟ್ಟು ಬಿಡಲಿಲ್ಲ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅವರ ವಿಚಾರದ ಮೇಲೆ ಐಬಿಎಂನಲ್ಲೇ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಭಾಷೆಯೇ ನಾವು ಕಂಪ್ಯೂಟರ್ ಸೈನ್ಸ್‌ನಲ್ಲಿ ಕಲಿಯುವ ಎಸ್‌ಕ್ಯೂಎಲ್.

ಯಂತ್ರ ಆರಿಸಿಕೊಂಡ ದಾರಿಗೆ ಎಕ್ಸಿಕ್ಯೂಶನ್ ಪ್ಲಾನ್ ಎನ್ನುತ್ತಾರೆ. ಆದೇಶದ ಮೊದಲು ಎಕ್ಸ್‌ಪ್ಲೇನ್ ಎಂಬ ಪದ ಸೇರಿಸಿದರೆ ಅದು ಕಾಣುತ್ತದೆ: ಇಂಡೆಕ್ಸ್ ಹಿಡಿದು ನೇರವಾಗಿ ಹೋಗುತ್ತದೋ, ಇಡೀ ಕೋಷ್ಟಕವನ್ನು ಓದುತ್ತದೋ, ಸುಮಾರು ಎಷ್ಟು ಸಾಲು ಮುಟ್ಟುತ್ತದೆ ಎಂದು. ಅಪ್‌ಡೇಟ್ ಆದೇಶಕ್ಕೆ ಎರಡು ಕೆಲಸ. ಮೊದಲು ಸಾಲನ್ನು ಹುಡುಕಬೇಕು, ಆಮೇಲೆ ಸಾಲನ್ನೂ ಅದಕ್ಕೆ ಸಂಬಂಧಿಸಿದ ಇಂಡೆಕ್ಸ್‌ಗಳನ್ನೂ ತಿದ್ದಬೇಕು. ಆದ್ದರಿಂದ ಇಂಡೆಕ್ಸ್ ಹೆಚ್ಚಾದರೆ ಹುಡುಕಾಟ ಬೇಗ ಆಗಬಹುದು, ತಿದ್ದುಪಡಿ ನಿಧಾನವಾಗುತ್ತದೆ.

ಒಮ್ಮೆ ಲ್ಯಾಬ್‌ನಲ್ಲಿ ನಾನು ಒಬ್ಬ ನೌಕರನ ಸಂಬಳ ತಿದ್ದಲು ಹೋಗಿ ವೇರ್ ಷರತ್ತು ಬರೆಯುವುದನ್ನೇ ಮರೆತೆ. ಎಲ್ಲರ ಸಂಬಳವೂ ಒಂದೇ ಆಯಿತು! ಅದು ಅಭ್ಯಾಸದ ಕೋಷ್ಟಕವಾದ್ದರಿಂದ ನಗುವಿನಲ್ಲಿ ಮುಗಿಯಿತು. ನಿಜವಾದ ಸಂಬಳದ ಪಟ್ಟಿಯಾಗಿದ್ದರೆ? ಮೊದಲೇ ಪ್ಲಾನ್ ನೋಡಿದ್ದರೆ ಇಡೀ ಕೋಷ್ಟಕ ಬದಲಾಗುವುದು ತಿಳಿಯುತ್ತಿತ್ತು. ಆದರೆ ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ಜೊತೆ ಅನಲೈಜ್ ಸೇರಿಸಿದರೆ ಆದೇಶ ನಿಜವಾಗಿಯೂ ನಡೆದು ದತ್ತಾಂಶ ಬದಲಾಗುತ್ತದೆ. ಅದಕ್ಕಾಗಿ ಮೊದಲು ಬಿಗಿನ್ ಕೊಟ್ಟು, ಪ್ಲಾನ್ ನೋಡಿದ ನಂತರ ರೋಲ್‌ಬ್ಯಾಕ್ ಮಾಡಬೇಕು.

ಕಾಡ್ 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ನಿಧನರಾದರು. ಆಗ ನಮ್ಮ ತರಗತಿಯಲ್ಲಿ ಯಾರೂ ಹುಟ್ಟಿರಲಿಲ್ಲ. ಪಹಣಿಯಲ್ಲಿ ಹೆಸರು ಬದಲಿಸುವ ಮುನ್ನ ನೋಟಿಸ್ ಕೊಟ್ಟು ಆಕ್ಷೇಪಣೆಗೆ ಸಮಯ ಬಿಡುತ್ತಾರೆ. ಏಕೆಂದರೆ ಆ ಒಂದು ಸಾಲಿನಲ್ಲಿ ಒಂದು ಮನೆಯ ಜಮೀನಿರುತ್ತದೆ. ದಾರಿ ಹುಡುಕುವ ಕೆಲಸವನ್ನು ಕಾಡ್ ಯಂತ್ರಕ್ಕೆ ವಹಿಸಿದರು. ಎಂಟರ್ ಒತ್ತುವ ಮುನ್ನ ಆ ದಾರಿಯನ್ನು ನೋಡುವ ಹೊಣೆ ಮಾತ್ರ ನಮ್ಮದೇ.