‘ಲೀಟರ್’ ಎಂಬ ವಿಜ್ಞಾನಿ ಇದ್ದರೇ? ನೀರನ್ನು ತೂಗಿದ ಲವಾಸಿಯೆ ಅವರ ನಿಜ ಕಥೆ

ಲೀಟರ್ ಅಳತೆಗೆ ಆ ಹೆಸರು ಬಂದಿದ್ದು ಕ್ಲೋಡ್ ಲೀಟರ್ ಎಂಬ ಫ್ರೆಂಚ್ ವಿಜ್ಞಾನಿಯಿಂದ ಎಂಬ ಕಥೆಯನ್ನು ನೀವೂ ಓದಿರಬಹುದು. ಅಂಥವರು ಯಾರೂ ಹುಟ್ಟಿಯೇ ಇರಲಿಲ್ಲ. 1978ರ ಏಪ್ರಿಲ್‌ನಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕೆನೆತ್ ವೂಲ್ನರ್ ಎಂಬುವರು ರಸಾಯನಶಾಸ್ತ್ರ ಶಿಕ್ಷಕರ ಪತ್ರಿಕೆಗೆ ತಮಾಷೆಗೆ ಬರೆದ ಜೀವನಚರಿತ್ರೆ ಅದು. ಕೆಲವರು ನಿಜವೆಂದೇ ನಂಬಿಬಿಟ್ಟರು. ಲೀಟರ್ ಪದದ ಮೂಲ ‘ಲಿಟ್ರಾನ್’. ನಮ್ಮ ಸೇರು, ಪಾವಿನ ಹಾಗೆ ಧಾನ್ಯ ಅಳೆಯುತ್ತಿದ್ದ ಹಳೆಯ ಫ್ರೆಂಚ್ ಮಾಪು.

ಆದರೆ ಒಂದು ಲೀಟರ್ ನೀರು ಸುಮಾರು ಒಂದು ಕೆ.ಜಿ. ತೂಗುತ್ತದಲ್ಲ, ಅದು ಕಾಕತಾಳೀಯವಲ್ಲ. ಅದರ ಹಿಂದೆ ನಿಜವಾದ ಮನುಷ್ಯರೊಬ್ಬರಿದ್ದಾರೆ: ಆಂಟ್ವಾನ್ ಲವಾಸಿಯೆ.

1743ರ ಆಗಸ್ಟ್ 26ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ ಅವರು ಓದಿದ್ದು ಕಾನೂನು, ಹಚ್ಚಿಕೊಂಡಿದ್ದು ತಕ್ಕಡಿಯನ್ನು. ನೀರನ್ನು ಕುದಿಸುತ್ತಲೇ ಇದ್ದರೆ ಅದು ಮಣ್ಣಾಗುತ್ತದೆ ಎಂದು ಆಗ ಅನೇಕ ಪಂಡಿತರು ನಂಬಿದ್ದರು; ಪಾತ್ರೆಯ ತಳದಲ್ಲಿ ಉಳಿಯುವ ಪುಡಿಯೇ ಅದಕ್ಕೆ ಸಾಕ್ಷಿ. ಲವಾಸಿಯೆ ಶುದ್ಧ ನೀರನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು 101 ದಿನ ಕಾಯಿಸಿದರು. ಒಟ್ಟು ತೂಕ ಬದಲಾಗಲಿಲ್ಲ, ನೀರೂ ಕಡಿಮೆಯಾಗಲಿಲ್ಲ. ತೂಕ ಕಳೆದುಕೊಂಡಿದ್ದು ಗಾಜಿನ ಪಾತ್ರೆ. ಪುಡಿ ಅದರಿಂದಲೇ ಬಂದಿತ್ತು. (ನಮ್ಮ ಮನೆಯ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರ ಬೇರೆ. ಅದು ಗಡಸು ನೀರಿನಲ್ಲಿ ಕರಗಿದ್ದ ಲವಣ.) ನೀರು ಮೂಲಧಾತುವಲ್ಲ, ಎರಡು ಅನಿಲಗಳು ಸೇರಿ ಆದದ್ದು ಎಂದು 1783ರಲ್ಲಿ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು.

ಫ್ರಾನ್ಸ್‌ನಲ್ಲಿ ಊರಿಗೊಂದು ಅಳತೆ ಇದ್ದ ಕಾಲ. ಕ್ರಾಂತಿಯ ನಂತರ ಎಲ್ಲರಿಗೂ ಒಂದೇ ಅಳತೆ ತರಲು ಹೊರಟಾಗ, ಇಂತಿಷ್ಟು ಗಾತ್ರದ ನೀರಿನ ತೂಕವೆಷ್ಟು ಎಂದು ಹೇಳುವ ಕೆಲಸ ಲವಾಸಿಯೆ ಮತ್ತು ಆಯುಯಿ ಎಂಬ ಇನ್ನೊಬ್ಬ ವಿಜ್ಞಾನಿಗೆ ಬಂತು. ಡಬ್ಬಕ್ಕೆ ನೀರು ತುಂಬಿಸಿ ತೂಗಿದರಾಯಿತಲ್ಲ ಅನ್ನಿಸಬಹುದು. ಆದರೆ ಡಬ್ಬದ ಒಳ ಅಳತೆ ನಿಖರವಾಗಿ ಸಿಗುವುದು ಕಷ್ಟ, ನೀರಿನ ಮೇಲ್ಮೈಯೂ ಅಂಚಿನಲ್ಲಿ ಬಾಗುತ್ತದೆ. ಹಾಗಾಗಿ ಅವರು ಲೋಹದ ಸಿಲಿಂಡರೊಂದರ ಹೊರಗಿನ ಅಳತೆ ತೆಗೆದು, ಅದನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರು. ಕಡಿಮೆಯಾದ ತೂಕವೇ ಅಷ್ಟು ಗಾತ್ರದ ನೀರಿನ ತೂಕ.

ಇದರಿಂದ ನಮಗೇನು? ನಿಮ್ಮ ಮನೆಯ ಡ್ರಮ್ಮನ್ನೇ ತೆಗೆದುಕೊಳ್ಳಿ. ಒಳವ್ಯಾಸ 50 ಸೆಂ.ಮೀ., ಎತ್ತರ 80 ಸೆಂ.ಮೀ. ಅಂದುಕೊಳ್ಳೋಣ. ವ್ಯಾಸದ ಅರ್ಧ 25. ಈಗ 25 × 25 × 3.14 × 80 = 1,57,000 ಘನ ಸೆಂ.ಮೀ. ಸಾವಿರದಿಂದ ಭಾಗಿಸಿ: 157 ಲೀಟರ್. ಚೌಕದ ಸಂಪಾದರೆ ಉದ್ದ, ಅಗಲ, ಎತ್ತರ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಾಕು. ತೂಕ ಬೇಕಾದರೆ ಬೇರೆ ಲೆಕ್ಕವೇ ಬೇಡ. ಡ್ರಮ್ಮಿನ ನೀರು ಸುಮಾರು 157 ಕೆ.ಜಿ. ಚಾವಣಿ ಮೇಲಿನ 1,000 ಲೀಟರ್ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಟ್ಯಾಂಕ್ ಇಡುವ ಮುನ್ನ ಇದನ್ನು ಲೆಕ್ಕ ಹಾಕದವರೇ ಹೆಚ್ಚು.

ಲವಾಸಿಯೆ ಅವರಿಗೆ ಇನ್ನೊಂದು ಮುಖವೂ ಇತ್ತು. ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಖಾಸಗಿ ಕೂಟದಲ್ಲಿ ಅವರು 1768ರಿಂದ ಪಾಲುದಾರರು. ಪ್ರಯೋಗಾಲಯಕ್ಕೆ ಹಣ ಬಂದಿದ್ದೂ ಬಹುಪಾಲು ಅಲ್ಲಿಂದಲೇ. ಜನ ಆ ಕೂಟವನ್ನು ದ್ವೇಷಿಸುತ್ತಿದ್ದರು, ಅದಕ್ಕೆ ಕಾರಣಗಳೂ ಇದ್ದವು ಎಂದೇ ನಮಗನ್ನಿಸುತ್ತದೆ. 1793ರ ನವೆಂಬರ್‌ನಲ್ಲಿ ಅವರ ಬಂಧನವಾಯಿತು. ಅಳತೆ ಸಮಿತಿಯವರು ಬಿಡುಗಡೆಗೆ ಮನವಿ ಮಾಡಿದರೆ, ಸರ್ಕಾರ ಅವರನ್ನು ಸಮಿತಿಯಿಂದಲೇ ಕೈಬಿಟ್ಟಿತು; ಜೊತೆಗೆ ಇನ್ನೂ ಕೆಲವು ವಿಜ್ಞಾನಿಗಳನ್ನೂ. ಕೂಟದ ಮೇಲಿದ್ದ ಆರೋಪಗಳಲ್ಲಿ ಒಂದು, ತೂಕ ಹೆಚ್ಚಿಸಲು ತಂಬಾಕಿಗೆ ನೀರು ಬೆರೆಸಿದರು ಎಂಬುದು! 1794ರ ಮೇ 8ರಂದು ಅವರನ್ನೂ ಅವರ ಮಾವನನ್ನೂ ಗಿಲೊಟಿನ್‌ಗೆ ಏರಿಸಲಾಯಿತು. ತಲೆ ಕತ್ತರಿಸಿದ ಮೇಲೂ ಅವರು ಕಣ್ಣು ಮಿಟುಕಿಸುತ್ತ ಪ್ರಯೋಗ ಮಾಡಿದರು ಎಂಬ ಕಥೆ ಓಡಾಡುತ್ತಿದೆ. ಆ ಕಾಲದ ಯಾವ ದಾಖಲೆಯಲ್ಲೂ ಅದಿಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಹತ್ತು ಸೆಂ.ಮೀ. ಉದ್ದ, ಅಗಲ, ಎತ್ತರದ ಗಾತ್ರವೇ ಲೀಟರ್, ಒಂದು ಘನ ಸೆಂ.ಮೀ. ನೀರಿನ ತೂಕವೇ ಗ್ರಾಂ ಎಂದು ಫ್ರಾನ್ಸ್ ಕಾನೂನು ಮಾಡಿದ್ದು 1795ರ ಏಪ್ರಿಲ್ 7ರಂದು. ಲವಾಸಿಯೆ ತೀರಿಕೊಂಡು ಆಗ ಹನ್ನೊಂದು ತಿಂಗಳಾಗಿತ್ತು.