ಟ್ರ್ಯಾಕ್ಟರ್ ಹಿಂದೆ ಭಾರ ಕಟ್ಟಿದರೆ ಸಾಕೇ? ಹ್ಯಾರಿ ಫರ್ಗುಸನ್ ಕಂಡುಕೊಂಡ ಉತ್ತರ

ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಗಾಳಿಗೆ ಏಳುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಮುಂದಿನ ಬಕೆಟ್ಟಿನಲ್ಲಿ ಮಣ್ಣು ತುಂಬಿಕೊಂಡ ಮಿನಿ ಟ್ರ್ಯಾಕ್ಟರ್ ಹಿಂಬದಿ ಎತ್ತಿಕೊಂಡು ಮುಗ್ಗರಿಸುವ ವಿಡಿಯೊಗಳೂ ಇವೆ. ಇವನ್ನು ನೋಡಿದವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನಷ್ಟು ಭಾರ ಹಾಕಿ. ಈ ಸಲಹೆ ಅರ್ಧ ಮಾತ್ರ ಸರಿ. ಭಾರ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹ್ಯಾರಿ ಫರ್ಗುಸನ್. ಅವರ ಬದುಕಿನ ಮೂಲಕವೇ ಈ ವಿಷಯವನ್ನು ನಾವು ಇಲ್ಲಿ ವಿವರಿಸುತ್ತೇವೆ.

ಇದು ಹಳ್ಳಿಯವರಿಗೆ ಮಾತ್ರ ಬೇಕಾದ ಮಾಹಿತಿ ಅಂದುಕೊಳ್ಳಬೇಡಿ. ಜೆ.ಪಿ. ನಗರ, ಬಿಟಿಎಂ ಲೇಔಟಿನ ಗಲ್ಲಿಗಳಿಗೆ ನೀರಿನ ಟ್ಯಾಂಕರ್ ಎಳೆದು ತರುವುದು ಟ್ರ್ಯಾಕ್ಟರೇ. ಬನಶಂಕರಿಯಲ್ಲಿ ಪಾಯ ತೋಡುವಾಗ ಬಂಡೆ ಒಡೆಯುವ ಕಂಪ್ರೆಸರ್ ಹೊತ್ತು ನಿಲ್ಲುವುದೂ ಟ್ರ್ಯಾಕ್ಟರೇ.

ಹೊಲದ ಕೆಲಸ ಬೇಡವೆಂದ ಹುಡುಗ

ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಉತ್ತರ ಐರ್ಲೆಂಡಿನ ಡ್ರೊಮೋರ್ ಬಳಿಯ ಗ್ರೋವೆಲ್‌ನಲ್ಲಿ. ತಂದೆ ಕೃಷಿಕ. ಮನೆ ತುಂಬ ಮಕ್ಕಳು, ಹೊಲ ತುಂಬ ಕೆಲಸ. ಆದರೆ ಹ್ಯಾರಿಗೆ ಆ ದುಡಿಮೆ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟಿಗೆ ಹೋಗಿ, ಅಣ್ಣ ನಡೆಸುತ್ತಿದ್ದ ಕಾರು ಮತ್ತು ಸೈಕಲ್ ರಿಪೇರಿ ಅಂಗಡಿ ಸೇರಿದರು.

ಅಲ್ಲಿ ಯಂತ್ರದ ಹುಚ್ಚು ಹತ್ತಿತು. ತಾವೇ ವಿಮಾನವೊಂದನ್ನು ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 120 ಮೀಟರ್ ಹಾರಿಸಿದರು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರು ಅವರೇ. ಮುಂದೆ ಸ್ವಂತ ವ್ಯಾಪಾರ ಶುರುಮಾಡಿ ಕಾರುಗಳ ಜೊತೆಗೆ ಟ್ರ್ಯಾಕ್ಟರ್‌ಗಳನ್ನೂ ಮಾರಿದರು.

ಹಿಂದಕ್ಕೆ ಮಗುಚುತ್ತಿದ್ದ ಟ್ರ್ಯಾಕ್ಟರ್

1917. ಮೊದಲ ಮಹಾಯುದ್ಧದ ಕಾಲ, ಆಹಾರದ ಕೊರತೆ. ಟ್ರ್ಯಾಕ್ಟರ್‌ಗಳಿಂದ ಹೆಚ್ಚು ಕೆಲಸ ತೆಗೆಯುವ ದಾರಿ ಹುಡುಕುವ ಹೊಣೆಯನ್ನು ಐರ್ಲೆಂಡಿನ ಕೃಷಿ ಮಂಡಳಿ ಫರ್ಗುಸನ್‌ಗೆ ವಹಿಸಿತು. ಮೆಕ್ಯಾನಿಕ್ ವಿಲಿ ಸ್ಯಾಂಡ್ಸ್ ಜೊತೆ ಊರೂರು ಸುತ್ತಿದ ಅವರು, ಒಂದು ವಿಷಯ ಗಮನಿಸಿದರು: ಎತ್ತು, ಕುದುರೆಗಳ ಹಿಂದೆ ಕಟ್ಟುತ್ತಿದ್ದಂತೆಯೇ ಟ್ರ್ಯಾಕ್ಟರಿನ ಹಿಂದೆಯೂ ನೇಗಿಲನ್ನು ಸುಮ್ಮನೆ ಕಟ್ಟಿ ಎಳೆಸುತ್ತಿದ್ದರು.

ಅದೇ ವರ್ಷ ಹೆನ್ರಿ ಫೋರ್ಡ್ ಅವರ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು. ಹಗುರ, ಅಗ್ಗ. ಆದರೆ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಲ್ಲುತ್ತಿತ್ತು, ಎಂಜಿನ್ ನಿಲ್ಲುತ್ತಿರಲಿಲ್ಲ. ಚಕ್ರ ತಿರುಗದಿದ್ದಾಗ ಎಂಜಿನ್ನಿನ ಬಲ ಟ್ರ್ಯಾಕ್ಟರನ್ನೇ ಹಿಂದಿನ ಆಕ್ಸಲ್ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು ಯಂತ್ರ ಚಾಲಕನ ಮೇಲೆಯೇ ಮಗುಚುತ್ತಿತ್ತು. ಹೀಗೆ ಪ್ರಾಣ ಕಳೆದುಕೊಂಡವರು ಅನೇಕರು.

ಟ್ರ್ಯಾಕ್ಟರನ್ನೇ ಇನ್ನಷ್ಟು ಭಾರ ಮಾಡುವುದು ಆಗಿನ ಸುಲಭ ಪರಿಹಾರ. ಫರ್ಗುಸನ್ ಅದನ್ನು ಒಪ್ಪಲಿಲ್ಲ. ಭಾರದ ಯಂತ್ರ ಮಣ್ಣನ್ನು ಗಟ್ಟಿ ಮಾಡುತ್ತದೆ, ಇಂಧನ ತಿನ್ನುತ್ತದೆ, ಬಡ ರೈತನ ಕೈಗೆ ಎಟುಕುವುದಿಲ್ಲ. ಅವರು ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿ ಮಾಡಲು ಹೊರಟರು.

ಮೂರು ತೋಳುಗಳ ಉಪಾಯ

ವರ್ಷಗಟ್ಟಲೆ ಪ್ರಯೋಗ ನಡೆಯಿತು. ನೇಗಿಲಿನ ಆಳವನ್ನು ಹೈಡ್ರಾಲಿಕ್ ಬಲದಿಂದ ತಾನಾಗಿಯೇ ಹಿಡಿತದಲ್ಲಿಡುವ ವಿಧಾನಕ್ಕೆ 1926ರಲ್ಲಿ ಪೇಟೆಂಟ್ ಸಿಕ್ಕಿತು. ಇದು ಬೆಳೆದು ಇವತ್ತು ಪ್ರತಿ ಟ್ರ್ಯಾಕ್ಟರಿನ ಹಿಂದೆ ಕಾಣುವ ತ್ರೀ ಪಾಯಿಂಟ್ ಲಿಂಕೇಜ್ ಆಯಿತು: ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್.

ಇದು ಕೆಲಸ ಮಾಡುವುದು ಹೀಗೆ. ನೇಗಿಲು ಮಣ್ಣಿನಲ್ಲಿ ಬಿಗಿಯಾದಾಗ ಅದರ ಮೇಲ್ಭಾಗ ಮುಂದಕ್ಕೆ ಬಾಗಲು ನೋಡುತ್ತದೆ. ಆಗ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಆಕ್ಸಲ್‌ಗಿಂತ ಮೇಲೆ ಬೀಳುವ ಈ ಒತ್ತಡ, ಏಳಲು ಹೊರಟ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಜೊತೆಗೆ ನೇಗಿಲಿನ ತೂಕದ ಒಂದು ಪಾಲು ಹಿಂದಿನ ಚಕ್ರಗಳ ಮೇಲೆ ಬಂದು ಹಿಡಿತ ಹೆಚ್ಚುತ್ತದೆ. ಹೀಗಾಗಿ ಹಗುರ ಟ್ರ್ಯಾಕ್ಟರ್ ಕೂಡ ಭಾರದ ಟ್ರ್ಯಾಕ್ಟರಿನ ಕೆಲಸ ಮಾಡಬಲ್ಲದು.

1933ರಲ್ಲಿ ಅವರ ಮಾದರಿ ಟ್ರ್ಯಾಕ್ಟರ್ ಸಿದ್ಧವಾಯಿತು. 1936ರಲ್ಲಿ ಡೇವಿಡ್ ಬ್ರೌನ್ ಜೊತೆ ತಯಾರಿಕೆ ಶುರುವಾಯಿತು. 1938ರಲ್ಲಿ ಹೆನ್ರಿ ಫೋರ್ಡ್ ಎದುರು ಪ್ರದರ್ಶನ ನಡೆಯಿತು. ಇಬ್ಬರೂ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಅದರಿಂದ ಹುಟ್ಟಿದ ಟ್ರ್ಯಾಕ್ಟರ್‌ಗಳು 3 ಲಕ್ಷಕ್ಕೂ ಹೆಚ್ಚು ತಯಾರಾದವು. ಫೋರ್ಡ್ ಅವರ ಮೊಮ್ಮಗನ ಕಾಲದಲ್ಲಿ ಒಪ್ಪಂದ ಮುರಿದು ಮೊಕದ್ದಮೆ ನಡೆಯಿತು. 1952ರಲ್ಲಿ ಫರ್ಗುಸನ್‌ಗೆ 92.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಅವರ ಟಿಇ20 ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇದೇ ಟ್ರ್ಯಾಕ್ಟರ್‌ಗಳಲ್ಲಿ. 1953ರಲ್ಲಿ ಫರ್ಗುಸನ್ ಕಂಪನಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. ಮ್ಯಾಸಿ ಫರ್ಗುಸನ್ ಎಂಬ ಹೆಸರು ಬಂದದ್ದು ಹೀಗೆ. ಅವರು ತೀರಿಕೊಂಡದ್ದು 1960ರ ಅಕ್ಟೋಬರ್ 25ರಂದು. ಅದೇ ವರ್ಷ ಮದ್ರಾಸಿನಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದ ಟಾಫೆ ಕಂಪನಿ ಶುರುವಾಯಿತು. ನಮ್ಮ ರೈತರು ಮ್ಯಾಸಿ ಎಂದು ಕರೆಯುವ ಟ್ರ್ಯಾಕ್ಟರಿನಲ್ಲಿ ಉಳಿದಿರುವುದು ಅವರ ಹೆಸರೇ.

ಈಗ ಹಿಂದಿನ ಭಾರದ ಲೆಕ್ಕ

ಮಿನಿ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಬಕೆಟ್ ಹಾಕಿದರೆ, ಅದೇ ತ್ರೀ ಪಾಯಿಂಟ್ ಲಿಂಕೇಜಿಗೆ ಹಿಂದೆ ಭಾರದ ಪೆಟ್ಟಿಗೆ ಜೋಡಿಸುತ್ತಾರೆ. ಪಾರ್ಕಿನ ಸೀಸಾ ನೆನಪಿಸಿಕೊಳ್ಳಿ. ಮಧ್ಯದ ಆಧಾರದ ಜಾಗದಲ್ಲಿ ಮುಂದಿನ ಆಕ್ಸಲ್ ಇದೆ ಅಂದುಕೊಳ್ಳಿ.

ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಎರಡು ಆಕ್ಸಲ್‌ಗಳ ನಡುವೆ 1.5 ಮೀಟರ್. ಮುಂದಿನ ಆಕ್ಸಲ್‌ನಿಂದ 1.2 ಮೀಟರ್ ಮುಂದೆ 300 ಕೆಜಿ ಹೊರೆ. ಆಗ ಹಿಂದಿನ ಚಕ್ರಗಳ ಮೇಲಿನ ಭಾರ 240 ಕೆಜಿ ಕಡಿಮೆಯಾಗುತ್ತದೆ, ಮುಂದಿನ ಆಕ್ಸಲ್ ಮೇಲೆ 540 ಕೆಜಿ ಹೆಚ್ಚುತ್ತದೆ.

ಈಗ ಹಿಂದಿನ ಆಕ್ಸಲ್‌ನಿಂದ 0.9 ಮೀಟರ್ ಹಿಂದೆ 250 ಕೆಜಿ ಪೆಟ್ಟಿಗೆ ತೂಗುಹಾಕಿ. ಹಿಂದಿನ ಚಕ್ರಗಳಿಗೆ 400 ಕೆಜಿ ಸೇರುತ್ತದೆ, ಮುಂದಿನ ಆಕ್ಸಲ್‌ಗೆ 150 ಕೆಜಿ ಇಳಿಯುತ್ತದೆ. ಅದೇ 250 ಕೆಜಿಯನ್ನು ಹಿಂದಿನ ಚಕ್ರಕ್ಕೇ ಬಿಗಿದರೆ ಅಥವಾ ಟೈರಿಗೆ ನೀರಾಗಿ ತುಂಬಿದರೆ? ಹಿಂದೆ ಸೇರುವುದು 250 ಮಾತ್ರ, ಮುಂದಿನ ಆಕ್ಸಲ್ ಹೊರೆ ಒಂದು ಕೆಜಿಯೂ ಇಳಿಯುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಬಕೆಟ್ ಬಿಚ್ಚಿಟ್ಟು ಪೆಟ್ಟಿಗೆಯನ್ನು ಹಾಗೇ ಬಿಟ್ಟರೆ ಆ 150 ಕೆಜಿ ಮೂತಿಯನ್ನು ಎತ್ತಲು ಸಹಾಯ ಮಾಡುತ್ತದೆ, ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಎರಡು ಚಕ್ರದ ತುಂಬಿದ ಟ್ಯಾಂಕರ್ ಕೂಡ ಕೊಂಡಿಯನ್ನು ಕೆಳಕ್ಕೆ ಒತ್ತಿ ಮೂತಿಯನ್ನು ಹಗುರ ಮಾಡುತ್ತದೆ. ಆಗ ಭಾರ ಬೇಕಾದದ್ದು ಮುಂದೆ. ಕೆಲವು ಟ್ರ್ಯಾಕ್ಟರ್‌ಗಳ ಮೂತಿಗೆ ಸಾಲಾಗಿ ಸಿಕ್ಕಿಸಿದ ಕಬ್ಬಿಣದ ತುಂಡುಗಳು ಇರುವುದು ಅದಕ್ಕೇ.

ನೆನಪಿಡಿ

- ಪೆಟ್ಟಿಗೆಯ ತೂಕ ಲಿಂಕೇಜ್ ಎತ್ತುವ ಮಿತಿಯೊಳಗಿರಲಿ. ಟ್ರ್ಯಾಕ್ಟರ್ ಜೊತೆ ಬರುವ ಪುಸ್ತಕದಲ್ಲಿ ಈ ಮಿತಿ ಇರುತ್ತದೆ.
- ಸಮತಟ್ಟು ನೆಲದಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಜೋಡಿಸಿ. ಕೆಳಗಿನ ಎರಡು ತೋಳು, ಆಮೇಲೆ ಟಾಪ್ ಲಿಂಕ್. ಮೂರಕ್ಕೂ ಲಾಕ್ ಪಿನ್ ಹಾಕಿ.
- ಓಡಿಸುವಾಗ ಪೆಟ್ಟಿಗೆ, ಬಕೆಟ್ ಎರಡೂ ಕೆಳಮಟ್ಟದಲ್ಲಿರಲಿ.
- ಟಾಪ್ ಲಿಂಕ್ ಕೂರುವ ಜಾಗಕ್ಕೆ ಸರಪಳಿ ಕಟ್ಟಿ ಏನನ್ನೂ ಎಳೆಯಬೇಡಿ. ಎಳೆತ ಆಕ್ಸಲ್‌ಗಿಂತ ಮೇಲಿದ್ದರೆ ಒಂದೆರಡು ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು.
- ಭಾರಕ್ಕೆಂದು ಜನರನ್ನು ಬಾನೆಟ್ ಮೇಲೆ, ಬಂಪರ್ ಮೇಲೆ, ಹಿಂದಿನ ತೋಳುಗಳ ಮೇಲೆ ನಿಲ್ಲಿಸಬೇಡಿ. ಟ್ರ್ಯಾಕ್ಟರ್ ಎಗರಿದರೆ ಮೊದಲು ಅದರ ಕೆಳಗೆ ಸಿಕ್ಕುವವರು ಅವರೇ.

ಟ್ರ್ಯಾಕ್ಟರ್ ಎದ್ದು ನಿಂತ ವಿಡಿಯೊ ಇನ್ನೊಮ್ಮೆ ಬಂದರೆ, ಭಾರ ಎಷ್ಟಿತ್ತು ಎಂದು ಕೇಳುವ ಮೊದಲು ಎಲ್ಲಿತ್ತು ಎಂದು ಗಮನಿಸಿ. ನಿಮ್ಮ ಮನೆಯಲ್ಲೋ ಊರಿನಲ್ಲೋ ಟ್ರ್ಯಾಕ್ಟರ್ ಓಡಿಸುವವರಿದ್ದರೆ ಆ ವಿಡಿಯೊ ಬದಲು ಇದನ್ನು ಕಳಿಸಿ.