ಅಡುಗೆಮನೆಯ ಸಹೋದರ ಲಾರೆನ್ಸ್

ಪಾತ್ರೆಗಳ ಸದ್ದಿನಲ್ಲಿಯೇ ದೇವರೊಡನೆ ಬಾಳಿದ ಕ್ರೈಸ್ತನೊಬ್ಬನ ಚರಿತೆಯನ್ನು ಇಂದು ಓದುಗರ ಮುಂದಿಡುತ್ತೇವೆ.

ಲೊರೇನ್ ಸೀಮೆಯ ಬಡವರ ಮಗನಾದ ನಿಕೋಲಾ ಹರ್ಮನ್ ತನ್ನ 18ನೆಯ ವಯಸ್ಸಿನಲ್ಲಿ, ಚಳಿಗಾಲದ ಬೋಳು ಮರವೊಂದನ್ನು ಕಂಡನು. ಇದು ಮತ್ತೆ ಚಿಗುರುವುದಲ್ಲವೆ ಎಂದು ನೆನೆದೊಡನೆ ದೈವಭಕ್ತಿ ಅವನಲ್ಲಿ ಬೇರೂರಿತು. ಮುಂದೆ ಸಿಪಾಯಿಯಾಗಿ ಗಾಯಗೊಂಡನು. ಧನಿಕರ ಮನೆಯಲ್ಲಿ ಆಳಾಗಿ, ಮುಟ್ಟಿದ್ದನ್ನೆಲ್ಲ ಒಡೆಯುವವನೆಂದು ಹೆಸರಾದನು. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿ ಲಾರೆನ್ಸ್ ಎನಿಸಿದಾಗ, ತನ್ನ ಒರಟುತನಕ್ಕೆ ಅಲ್ಲಿ ತಕ್ಕ ಶಿಕ್ಷೆಯಾಗುವುದೆಂದೇ ಎಣಿಸಿದ್ದನು.

ದೊರೆತುದು ಅಡುಗೆಮನೆಯ ಕೆಲಸ. ಅದೋ, ಅವನಿಗೆ ಸ್ವಭಾವತಃ ಒಗ್ಗದು! ಅದರ ಮೇಲೆ, ತಾನು ನರಕಕ್ಕೇ ಸಲ್ಲುವವನೆಂಬ ಕೊರಗಿನಲ್ಲಿ 4 ವರ್ಷ ನವೆದನು. ಕಡೆಗೆ ಆ ಲೆಕ್ಕಾಚಾರವನ್ನೇ ಬಿಟ್ಟುಬಿಟ್ಟನು. ಗತಿ ಏನೇ ಆಗಲಿ, ಬದುಕಿರುವವರೆಗೆ ಮಾಡುವುದೆಲ್ಲ ದೇವರ ಪ್ರೀತಿಗಾಗಿ ಎಂದು ನಿಶ್ಚಯಿಸಿದನು. ಬಾಣಲೆಯ ಮೊಟ್ಟೆದೋಸೆಯನ್ನು ಮಗುಚುವುದೂ ಆ ಸೇವೆಯೇ ಆಯಿತು. ತಪ್ಪಿದರೆ ದೇವರಲ್ಲಿ ಒಪ್ಪಿಕೊಂಡು, ಕೊರಗದೆ ಕೆಲಸಕ್ಕೆ ಮರಳುವನು. ಹಮ್ಮಿನಿಂದ ಬಂದ ಧೈರ್ಯಕ್ಕಿಂತ ಇದು ಗಟ್ಟಿಯಾದುದೆಂದು ನಮ್ಮ ಎಣಿಕೆ.

ಹೀಗೆ ಕಳೆದುದು 15 ವರ್ಷ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿದಾಗ, ಕುಂಟುಗಾಲಿನ ಆತನು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳುತ್ತಲೇ ಓಡಾಡಬೇಕಾಯಿತು. ವ್ಯಾಪಾರವರಿಯದಿದ್ದರೂ ಅಳುಕಲಿಲ್ಲ, ಕೆಲಸ ಚೆನ್ನಾಗಿಯೇ ಕೈಗೂಡಿತು.

ಬಳಿಕ ಸಹವಾಸಿಗಳ ಪಾದರಕ್ಷೆಗಳನ್ನು ಹೊಲಿದನು. ವಿದ್ವಾಂಸನಾದ ಫೆನೆಲೋನನಂಥವರೂ ಈ ಓದುಬರಹ ಅಷ್ಟಾಗಿಲ್ಲದವನ ಮಾತು ಕೇಳಲು ಬಂದರು. 1691ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿಯೇ ತೀರಿಕೊಂಡನು. ಆತನ ಸಂಭಾಷಣೆಗಳನ್ನೂ ಪತ್ರಗಳನ್ನೂ ಬೋಫೋರ್ ಎಂಬ ಪಾದ್ರಿ ಸಂಗ್ರಹಿಸಿ ಅಚ್ಚು ಹಾಕಿಸಿದನು.